ಒಂಬತ್ತನೆಯ ಚೀಟಿ

ಕ್ಲೇಟನ್ ಲೈಬಿ ತನ್ನ ಹಸಿರು ಟೋಪಿಯೊಳಗೆ ಕೈಹಾಕಿ ಏಳನೆಯ ಚೀಟಿಯನ್ನು ಹೊರತೆಗೆದ. ಕನ್ನಡಕವನ್ನು ಹಣೆಗೆ ಏರಿಸಿಕೊಂಡು, ಚೀಟಿಯನ್ನು ಕೈಯಳತೆಯ ದೂರದಲ್ಲಿ ಹಿಡಿದು ಓದಿದ.

"ಐವತ್ತಮೂರು. ತೊಳೆದದ್ದು. ಜೋರಾಗೇ ತೊಳೆದದ್ದು."

ನಾಣ್ಯವಿದ್ದ ಮೇಜಿನ ಸುತ್ತ ಕುಳಿತವರಲ್ಲಿ ಯಾರೋ ನಾಲಗೆ ಲೊಚಗುಟ್ಟಿದರು. ಎಂಟನೆಯ ಚೀಟಿ ಬಂತು. ಕ್ಲೇಟನ್ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿದ. "'ತೊಳೆದುಬಿಟ್ಟಿದ್ದಾರೆ, ಅಯ್ಯೋ ಪಾಪ' ಅಂತ ಬರೆದಿದ್ದೀರಲ್ಲ ಯಾರೋ. ಅಂಕಿ ಬರೀರಪ್ಪಾ ಅಂದ್ರೆ ಕವನ ಬರೀತೀರಿ."

ಎಲ್ಲರೂ ನಕ್ಕರು. ಒಂಬತ್ತನೆಯದೇ ಕೊನೆಯದು. ಅದನ್ನು ಬಿಡಿಸಿ ನೋಡಿದ ಕ್ಲೇಟನ್ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದ, ಮತ್ತೆ ಹಣೆಗೆ ಏರಿಸಿದ. ಆಮೇಲೆ, "ಐವತ್ತೈದು. ತೊಳೆದದ್ದು," ಎಂದ. ಮಿಕ್ಕ ಚೀಟಿಗಳ ರಾಶಿಗೆ ಹಾಕದೆ ಅದನ್ನು ಎರಡು ಮಡಿಕೆ ಮಾಡಿ ಅಂಗಿಯ ಜೇಬಿಗೆ ಸೇರಿಸಿದ.

ಮೇಜಿನ ತುದಿಯಲ್ಲಿ ಕುಳಿತಿದ್ದ ಲೆಸ್ಟರ್ ಕಿಸ್ಲರ್ ಬೆರಳು ಮಡಿಸಿ ಇನ್ನೊಮ್ಮೆ ಎಣಿಸಿದ. ಕೂತವರು ಒಂಬತ್ತು ಜನ. ಓದಿದ್ದು ಒಂಬತ್ತು ಚೀಟಿ. ಒಂಬತ್ತರಲ್ಲೂ ತೊಳೆದದ್ದು ಎಂದೇ ಇತ್ತು. ಆದರೆ ಅವನು ಬರೆದಿದ್ದು ಹಾಗಲ್ಲ. 'ಐವತ್ತೆಂಟು. ಯಾರೂ ಮುಟ್ಟದ ಮೈ. ಚೆಲುವೆ.' ಚೆಲುವೆ ಎಂಬ ಮಾತನ್ನು ಅವನು ಸುಮ್ಮಸುಮ್ಮನೆ ಬರೆಯುವವನಲ್ಲ. ನಲವತ್ತು ವರ್ಷಗಳಲ್ಲಿ ಏಳೋ ಎಂಟೋ ಸಲ ಬರೆದಿರಬಹುದು.

ತಿಂಗಳಿಗೊಂದು ಭಾನುವಾರ, ಚರ್ಚು ಬಿಟ್ಟ ಮೇಲೆ, ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಅವರು ಸೇರುತ್ತಿದ್ದರು. ಪಕ್ಕದ ಕೊಟ್ಟಿಗೆಯಲ್ಲಿ ಕೆಂಪು ವಾಹನ ನಿಂತಿರುತ್ತಿತ್ತು. ಸಭಾಂಗಣದಲ್ಲಿ ಉದ್ದನೆಯ ಮೇಜು, ಮೇಜಿನ ಮೇಲೆ ಕಪ್ಪು ಬಟ್ಟೆ, ಬಟ್ಟೆಯ ಮೇಲೆ ದೀಪ. ಯಾರಾದರೊಬ್ಬರು ಒಂದು ನಾಣ್ಯ ತರಬೇಕು. ತಂದವರು ಒಳಗೆ ಇರಕೂಡದು. ಮಾಲೀಕನ ಮುಖ ನೋಡಿದರೆ ಕೈ ಬೇರೆ ಅಂಕಿ ಬರೆಯುತ್ತದೆ ಎಂದು ಹಿಂದಿನವರು ಮಾಡಿದ ನಿಯಮ. ನಾಣ್ಯ ಕೈಯಿಂದ ಕೈಗೆ ಹೋಗುವಾಗ ಮಾತಿಲ್ಲ. ಅಂಚು ಹಿಡಿದು, ದೀಪದ ಕೆಳಗೆ ವಾಲಿಸಿ, ತಿರುಗಿಸಿ, ಎಪ್ಪತ್ತರೊಳಗಿನ ಒಂದು ಅಂಕಿ ಬರೆದು, ಹೆಸರು ಹಾಕದೆ, ಕ್ಲೇಟನ್ನನ ಟೋಪಿಗೆ ಹಾಕಬೇಕು. ಸವೆತವನ್ನು ಅಳೆದು ಅಂಕಿ ಕೊಡುವುದನ್ನು ಯಾರೂ ಕಲಿಯಬಹುದು. ತೊಳೆದ ನಾಣ್ಯದ ಬೆಲೆ ಬಿದ್ದುಹೋಗುತ್ತದೆ; ಆದರೆ ಮೈಬಣ್ಣ ತಾನಾಗಿ ಬಂದದ್ದೋ, ಯಾರೋ ಉಜ್ಜಿ ಬರಿಸಿದ್ದೋ ಎಂದು ಹೇಳುವುದು ಕಷ್ಟ. ಅದಕ್ಕೆ ಆ ಕಣಿವೆಯಲ್ಲೆಲ್ಲ ಲೆಸ್ಟರನ ಕಣ್ಣೇ ಕಣ್ಣು.

ಆವತ್ತಿನ ನಾಣ್ಯ ೧೮೦೬ರ ಐದು ಡಾಲರಿನ ಚಿನ್ನ. ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಅಚ್ಚಾದದ್ದು; ಒಂದು ಕಡೆ ಟೋಪಿ ತೊಟ್ಟ ಹೆಂಗಸಿನ ಮುಖ, ಸುತ್ತ ನಕ್ಷತ್ರಗಳು, ಇನ್ನೊಂದು ಕಡೆ ಹದ್ದು. ಅದು ಮೆರ್ವಿನ್ ಫೆನ್‌ಸ್ಟರ್‌ಮೇಕರನದು. ಮೂರು ವರ್ಷದ ಹಿಂದೆ, ತನ್ನ ಹಾಲಿನ ಹಸುಗಳನ್ನೆಲ್ಲ ಮಾರಿ ಕೊಟ್ಟಿಗೆ ಖಾಲಿ ಮಾಡಿದ ವಾರ, ಲೆಸ್ಟರನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮೆರ್ವಿನ್ ಅದನ್ನು ಕೊಂಡಿದ್ದ. ಲೆಸ್ಟರ್ ಇಪ್ಪತ್ತು ನಿಮಿಷ ನೋಡಿ, ಪುಟ್ಟ ಕಾಗದದ ಲಕೋಟೆಯ ಮೇಲೆ, ಈಗ ಚೀಟಿಯಲ್ಲಿ ಬರೆದ ಮಾತನ್ನೇ ಪೆನ್ಸಿಲಿನಲ್ಲಿ ಬರೆದುಕೊಟ್ಟಿದ್ದ. ಈ ಜನವರಿಯಲ್ಲಿ ಮೆರ್ವಿನ್ ತೀರಿಕೊಂಡ. ನಾಣ್ಯ ಮಗಳು ನೇಡೀನಳಿಗೆ ಬಂತು.

ನೇಡೀನ್ ಹಿಂದಿನ ಅಡುಗೆಮನೆಯಲ್ಲಿ ಲೆಸ್ಟರನ ಹೆಂಡತಿ ವರ್ನಾಳ ಜೊತೆ ಕಾಕಂಬಿಯ ಪೈ ಹೋಳು ಮಾಡುತ್ತಿದ್ದಳು. ಐವತ್ತರ ಹೆಂಗಸು, ಶಾಲೆಯ ಬಸ್ಸು ಓಡಿಸುತ್ತಿದ್ದವಳು. ಅಪ್ಪನ ಜೊತೆಯಲ್ಲೇ ಉಳಿದುಬಿಟ್ಟವಳು. ಕ್ಲೇಟನ್ ಲಕೋಟೆಯನ್ನು ಅವಳಿಗೆ ಹಿಂದಿರುಗಿಸಿ, "ಅಂಕಿ ನಂದಲ್ಲ ತಾಯಿ, ಲೆಸ್ಟರನ್ನೇ ಕೇಳು," ಎಂದು ಜಾರಿಕೊಂಡ.

"ಹೌದು ಲೆಸ್ಟರ್ ಮಾಮ, ನಿಮ್ಮ ಬಾಯಿಂದಲೇ ಕೇಳ್ಬೇಕು," ಎಂದಳು ನೇಡೀನ್. "ಅಪ್ಪ ಕೊನೇ ವಾರದಲ್ಲಿ ಹೇಳಿದ್ದೇ ಅದು. ನಾನು ಹೋದ್ಮೇಲೆ ಒಂದ್ಸಲ ಲೆಸ್ಟರ್‌ಗೆ ತೋರ್ಸು. ಅವನು ಏನಂತಾನೋ ಅದೇ ಅದು, ಅಂದ."

ಚೀಟಿಯಲ್ಲಿ ಬರೆದದ್ದನ್ನು ಅಲ್ಲೇ ಹೇಳಿಬಿಡಬಹುದಿತ್ತು. ಲೆಸ್ಟರನ ಬಾಯಿಯವರೆಗೆ ಬಂದಿತ್ತು. ಕ್ಲೇಟನ್ನನ ಜೇಬಿನ ಕಡೆ ನೋಡಿದ. "ಈಗ ಬೇಡ ಮಗಾ. ಇಲ್ಲಿನ ಹೊಸ ಬಲ್ಬುಗಳಲ್ಲಿ ಮನುಷ್ಯರ ಮುಖಾನೇ ಕಾಣ್ಸಲ್ಲ. ನನ್ನ ದೀಪ ತಂದು ನೋಡಿ ಹೇಳ್ತೀನಿ."

ಮನೆಗೆ ಹೋಗುವಾಗ ಗಾಡಿ ಓಡಿಸಿದ್ದು ವರ್ನಾ. ಕ್ರಿಸ್‌ಮಸ್ಸಿನಿಂದ ಈಚೆಗೆ ಅವಳೇ ಓಡಿಸುತ್ತಿದ್ದಳು. ಹಾಗೆಂದು ಇಬ್ಬರೂ ಮಾತಾಡಿ ಮಾಡಿದ್ದಲ್ಲ. ಅವಳು ಮೊದಲು ಹೋಗಿ ಆ ಕಡೆಯ ಬಾಗಿಲು ತೆಗೆದು ಕೂರುತ್ತಿದ್ದಳು, ಅಷ್ಟೆ.

"ಎಂಟು ಜನ ಒಂದು ಕಡೆ, ನಾನೊಬ್ಬ ಒಂದು ಕಡೆ," ಎಂದ ಲೆಸ್ಟರ್. "ಅದಕ್ಕೆ ಕ್ಲೇಟನ್ ನನ್ನ ಚೀಟಿ ನುಂಗಿದ. ಎಂಬತ್ನಾಲ್ಕರಲ್ಲಿ ಏನಾಯ್ತು ಜ್ಞಾಪಕ ಇದೆಯಾ? ಎಲ್ರೂ ಗೀರು, ಗೀರು ಅಂದ್ರು. ನಾನೊಬ್ಬನೇ ಅಲ್ಲ ಅಂದೆ."

"ಇದೆ." ಆ ಕಥೆಯನ್ನು ವರ್ನಾ ಅವನಷ್ಟೇ ಚೆನ್ನಾಗಿ ಹೇಳಬಲ್ಲವಳಾಗಿದ್ದಳು. ಹಳೆಯ ಟಂಕಸಾಲೆಯಲ್ಲಿ ಬಿಲ್ಲೆಯ ತೂಕ ಹೆಚ್ಚಾದರೆ ಅಚ್ಚು ಹೊಡೆಯುವ ಮೊದಲೇ ಅರದಿಂದ ಉಜ್ಜಿ ಸರಿಮಾಡುತ್ತಿದ್ದರು. ಆ ಅರದ ಗುರುತು ಅಚ್ಚಿನ ಕೆಳಗೆ ಹಾಗೇ ಉಳಿಯುತ್ತದೆ. ಹುಟ್ಟುವ ಮೊದಲೇ ಬಂದದ್ದು ಮಚ್ಚೆ, ಗಾಯವಲ್ಲ, ಎಂದು ಲೆಸ್ಟರ್ ವಾದಿಸಿ ಗೆದ್ದಿದ್ದ.

"ಇವತ್ತೂ ಹಾಗೇ ಆಗಿದೆ. ಜೇನಿನ ಬಣ್ಣ ಕಣೇ ಅದು. ಇನ್ನೂರು ವರ್ಷ ಪೆಟ್ಟಿಗೇಲಿ ಕೂತು ಬಂದ ಬಣ್ಣ. ಇವರಿಗೇನು, ಕಣ್ಣು ಹೋಗಿದೆಯಾ?"

ವರ್ನಾ ರಸ್ತೆಯನ್ನೇ ನೋಡುತ್ತಿದ್ದಳು. ತಿರುವಿನಲ್ಲಿ ಗಾಡಿಯನ್ನು ನಿಧಾನಕ್ಕೆ ತಿರುಗಿಸಿದಳು. ಆ ಮೌನವನ್ನು ಲೆಸ್ಟರ್ ಗಮನಿಸಿದ. ಐವತ್ತೊಂದು ವರ್ಷದ ಸಂಸಾರದಲ್ಲಿ ಅವಳು ಒಪ್ಪದಿದ್ದಾಗ ಜಗಳವಾಡಿದ್ದುಂಟು, ಸುಮ್ಮನಿದ್ದದ್ದು ಕಡಿಮೆ.

ಅವರ ಮನೆಯ ಹಿಂದೆ ಅರವತ್ತು ಕೋಳಿಗಳಿದ್ದವು. ಬಿಳಿ ಮೊಟ್ಟೆ ಇಡುವವು ಅರ್ಧ, ಕೆನೆಬಣ್ಣದ ಮೊಟ್ಟೆ ಇಡುವವು ಅರ್ಧ. ಈಸ್ಟರ್ ಹತ್ತಿರ ಬಂದರೆ, ಹಬ್ಬಕ್ಕೆ ಬಣ್ಣ ಬಳಿಯಲು ಎಲ್ಲರಿಗೂ ಬಿಳಿಯೇ ಬೇಕು. ಕೆನೆಯ ಮೇಲೆ ಬಣ್ಣ ಸರಿಯಾಗಿ ಕೂರುವುದಿಲ್ಲ, ನೀಲಿ ಹಾಕಿದರೆ ಪಾಚಿಯಂತಾಗುತ್ತದೆ. ಮೊಟ್ಟೆಗಳನ್ನು ಬೇರ್ಪಡಿಸಿ ಡಬ್ಬಿಗೆ ಜೋಡಿಸುವುದು ಸಂಜೆ ಲೆಸ್ಟರನ ಕೆಲಸ, ಬೆಳಿಗ್ಗೆ ರಸ್ತೆಬದಿಯ ಮಾರಾಟದ ಪೆಟ್ಟಿಗೆಗೆ ಒಯ್ದಿಡುವುದು ವರ್ನಾಳದು.

ಸೋಮವಾರ ಅವನಿಗೆ ಬೇಗ ಎಚ್ಚರವಾಯಿತು. ಕಾಫಿಯ ವಾಸನೆ ಬರಲಿಲ್ಲ. ಮೊಟ್ಟೆಯ ಕೋಣೆಯಲ್ಲಿ ಬೆಳಕಿತ್ತು. ಬಾಗಿಲಿಗೆ ಬಂದು ನಿಂತ. ವರ್ನಾ ಅವನಿಗೆ ಬೆನ್ನು ಮಾಡಿ, ಅವನು ಹಿಂದಿನ ಸಂಜೆ ಕಟ್ಟಿಟ್ಟ ಡಬ್ಬಿಗಳ ಮುಚ್ಚಳವನ್ನು ಒಂದೊಂದಾಗಿ ತೆರೆಯುತ್ತಿದ್ದಳು. ಒಂದು ಡಬ್ಬಿಯಿಂದ ಮೂರು ಮೊಟ್ಟೆ ತೆಗೆದು ಇನ್ನೊಂದಕ್ಕೆ ಇಟ್ಟಳು, ಅಲ್ಲಿಂದ ಮೂರು ಇಲ್ಲಿಗೆ ತಂದಳು. ಮುಚ್ಚಳ ಹಾಕಿದಳು. ಮುಂದಿನದು. ಬಟಾಣಿ ಸುಲಿಯುವಷ್ಟು ಸಲೀಸಾಗಿ ಕೈ ಓಡುತ್ತಿತ್ತು. ದಿನವೂ ಮಾಡುವ ಕೆಲಸದ ಓಟ ಅದು.

"ಏನದು?"

ವರ್ನಾ ಬೆಚ್ಚಲಿಲ್ಲ. ಕೈಯಲ್ಲಿದ್ದ ಮೊಟ್ಟೆಯನ್ನು ಕೆಳಗಿಟ್ಟು ತಿರುಗಿದಳು.

"ಎಷ್ಟು ದಿನದಿಂದ?" ಎಂದ.

"ಕ್ರಿಸ್‌ಮಸ್ ಆದ್ಮೇಲೆ."

"ಎಷ್ಟು ತಪ್ಪಿರುತ್ತೆ?"

"ಒಂದೊಂದು ದಿನ ಒಂದೂ ಇರಲ್ಲ." ಅವಳು ಕೈಯನ್ನು ಮೇಲಂಗಿಗೆ ಒರೆಸಿಕೊಂಡಳು. "ಒಂದೊಂದು ದಿನ ಇರ್ತದೆ."

ಅವನು ಬಂದು ತೆರೆದ ಡಬ್ಬಿಯ ಮೇಲೆ ಬಗ್ಗಿದ. ಹನ್ನೆರಡು ಮೊಟ್ಟೆ. ಹನ್ನೆರಡೂ ಒಂದೇ ಬಣ್ಣ. ಒಂದನ್ನು ತೆಗೆದು ಬಲ್ಬಿನ ಹತ್ತಿರ ಹಿಡಿದ, ನಾಣ್ಯ ಹಿಡಿಯುವ ಹಾಗೆ ವಾಲಿಸಿದ, ತಿರುಗಿಸಿದ. "ಇದು ಬಿಳಿ."

ವರ್ನಾ ಆ ಮೊಟ್ಟೆಯನ್ನೇ ನೋಡಿದಳು.

"ಅಲ್ವಾ?"

"ಅಲ್ಲ ಲೆಸ್ಟರ್."

ಅವನು ಮೊಟ್ಟೆಯನ್ನು ಡಬ್ಬಿಯೊಳಗಿಡಲು ಹೋದಾಗ ಗುಳಿ ಸಿಗದೆ ಕೈ ತಡವರಿಸಿತು. ವರ್ನಾ ಅವನ ಬೆರಳನ್ನು ಹಿಡಿದು ಗುಳಿಗೆ ಇಳಿಸಿದಳು.

"ಹೇಳ್ಬಾರ್ದಿತ್ತೇನೇ?"

"ಬರೀ ಮೊಟ್ಟೆ ತಾನೆ. ಮೊಟ್ಟೆಗೆ ಯಾಕೆ ನಿನ್ನ ಮನಸ್ಸು ನೋಯಿಸ್ಲಿ? ಕಣ್ಣಿನ ಪೊರೆ ತೆಗೆಸು ಅಂತ ಡಾಕ್ಟರು ಎರಡು ವರ್ಷದಿಂದ ಹೇಳ್ತಿದ್ದಾರೆ, ನೀನು ಮುಂದೆ ಹಾಕ್ತಿದ್ದೀಯ. ಕುರಿಯನ್ನ ನೀರಿಗೆ ಎಳೆದ ಹಾಗೆ ಎಷ್ಟು ದಿನ ಎಳೀಲಿ?"

ಮಧ್ಯಾಹ್ನ ಅವಳೇ ಅವನನ್ನು ಕ್ಲೇಟನ್ನನ ಮನೆಗೆ ಕರೆದೊಯ್ದಳು. ಕ್ಲೇಟನ್ ಹಟ್ಟಿಯ ಬಾಗಿಲಿನಲ್ಲಿ ಕೂತು ಬೀಜದ ಆಲೂಗಡ್ಡೆ ಕತ್ತರಿಸುತ್ತಿದ್ದ. ಲೆಸ್ಟರ್ ಚೀಟಿಗಾಗಿ ಕೈ ಚಾಚಿದ. ಕ್ಲೇಟನ್ ಒಳಗೆ ಹೋಗಿ, ಮೊಳೆಗೆ ತೂಗುಹಾಕಿದ್ದ ಭಾನುವಾರದ ಅಂಗಿಯ ಜೇಬಿನಿಂದ ಚೀಟಿಯನ್ನು ತಂದುಕೊಟ್ಟ.

"'ಚೆಲುವೆ' ಅಂತ ಬರಿಯೋನು ಈ ಜಿಲ್ಲೇಲಿ ಒಬ್ಬನೇ ಇದ್ದಾನೆ," ಎಂದ. "ಅದನ್ನ ಗಟ್ಟಿಯಾಗಿ ಓದಿದ್ರೆ ಎಂಟು ಜನ ನಿನ್ನ ಮುಖ ನೋಡ್ತಿದ್ರು. ನಂಗೆ ಅದು ನೋಡೋಕೆ ಇಷ್ಟ ಇರ್ಲಿಲ್ಲ. ಬೇಕಾದ್ರೆ ಬೈಕೋ."

"ತೊಳೆದದ್ದೇನೋ ಅದು? ನಿಜವಾಗ್ಲೂ?"

"ತಟ್ಟೆ ತೊಳೆದ ಹಾಗೆ ತೊಳೆದಿದ್ದಾರೆ ಮಾರಾಯ."

ಲೆಸ್ಟರ್ ಚೀಟಿಯನ್ನು ತನ್ನ ಜೇಬಿಗೆ ಹಾಕಿಕೊಂಡ. ಮೂರು ವರ್ಷದ ಹಿಂದೆಯೂ ಅವನಿಗೆ ಅದು ಜೇನಿನ ಬಣ್ಣವೇ ಕಂಡಿತ್ತು. ಹಾಗಾದರೆ ಪೊರೆ ಯಾವಾಗಿನಿಂದ? ಮೆರ್ವಿನ್ ಮೂರು ವರ್ಷ ಅದನ್ನು ಮನೆಗೆ ಬಂದ ನೆಂಟರಿಗೆಲ್ಲ ತೋರಿಸುತ್ತಿದ್ದ. "ಫಿಲಡೆಲ್ಫಿಯಾ ಬಿಟ್ಟ ಮೇಲೆ ಇದಕ್ಕೆ ಯಾರೂ ಬಟ್ಟೆ ಸೋಕಿಸಿಲ್ಲ, ಲೆಸ್ಟರೇ ಹೇಳಿದ್ದಾನೆ," ಎನ್ನುತ್ತಿದ್ದ. ಆ ಮಾತಿನ ಭಾರವೆಲ್ಲ ಈಗ ಲೆಸ್ಟರನ ಹೆಗಲಿಗೆ ಬಂದು ಕೂತಿತು. ಸುಳ್ಳನ್ನು ನಂಬಿಕೊಂಡು ಒಬ್ಬ ಸ್ನೇಹಿತ ಮಣ್ಣಿಗೆ ಹೋಗಿದ್ದ, ಮತ್ತು ಸುಳ್ಳು ತನ್ನದೇ ಕೈಬರಹದಲ್ಲಿತ್ತು.

ಈಸ್ಟರ್ ಕಳೆದ ಎರಡನೆಯ ವಾರ ಬಲಗಣ್ಣಿನ ಪೊರೆ ತೆಗೆದರು. ಮಾರನೆಯ ಬೆಳಿಗ್ಗೆ ಕಟ್ಟು ಬಿಚ್ಚಿಸಿಕೊಂಡು ಬಂದವನು ಅಡುಗೆಮನೆಯ ಬಾಗಿಲಿನಲ್ಲೇ ನಿಂತುಬಿಟ್ಟ.

"ಈ ಗೋಡೆಗೆ ಯಾವಾಗ ಬಿಳಿ ಹೊಡೆಸಿದೆ?"

"ಹೋದ ಸೆಪ್ಟೆಂಬರಿನಲ್ಲಿ. ಹೊಡೆದಿದ್ದು ನೀನೇ. 'ಬೆಣ್ಣೆ ಬಣ್ಣ ಚೆನ್ನಾಗಿದೆ' ಅಂತ ಬೇರೆ ಅಂದೆ."

ಅವನು ಬಲಗಣ್ಣು ಮುಚ್ಚಿದ, ಗೋಡೆ ಬೆಣ್ಣೆಯಾಯಿತು. ಎಡಗಣ್ಣು ಮುಚ್ಚಿದ, ಹಿಮವಾಯಿತು. ಮಗುವಿನ ಹಾಗೆ ನಾಲ್ಕೈದು ಸಲ ಮಾಡಿದ. ಆಮೇಲೆ ಅದೇ ಕಣ್ಣು ಮಿಟುಕಿಸುತ್ತ ವರ್ನಾಳ ಕಡೆ ತಿರುಗಿದ. ಅವಳ ತಲೆಗೂದಲಿನ ಮೇಲೆ ಅವನ ನೋಟ ನಿಂತಿತು.

"ಹೇಳ್ಬೇಡ," ಎಂದಳು ವರ್ನಾ.

ಅವನು ಮತ್ತೆ ಗೋಡೆಯ ಕಡೆ ತಿರುಗಿದ.

ಮೇ ತಿಂಗಳ ಒಂದು ಶನಿವಾರ, ಹಳೆಯ ದೀಪವನ್ನು ತೊಡೆಯ ಮೇಲಿಟ್ಟುಕೊಂಡು ಲೆಸ್ಟರ್ ನೇಡೀನಳ ಮನೆಗೆ ಹೋದ. ವರ್ನಾ ಅಂಗಳದಲ್ಲೇ ಉಳಿದು ಮೆರ್ವಿನ್ ನೆಟ್ಟಿದ್ದ ರುಬಾರ್ಬಿನ ದಂಟು ಮುರಿಯುತ್ತ ನಿಂತಳು. ಅಡುಗೆಮನೆಯ ಕಿಟಕಿಯ ಕೆಳಗೆ, ಮೆರ್ವಿನ್ ಮಲಗಿರುತ್ತಿದ್ದ ಮಂಚವನ್ನು ತೆಗೆದಿದ್ದ ಜಾಗ ಇನ್ನೂ ಖಾಲಿಯಿತ್ತು. ನೇಡೀನ್ ಮೇಜು ಒರೆಸಿ, ಲಕೋಟೆ ತಂದಿಟ್ಟು, ಕಾಫಿಗೆ ಎದ್ದುಹೋದಳು. ನಿಯಮ ಅವಳಿಗೂ ಗೊತ್ತಿತ್ತು. ಅವಳು ಬೆನ್ನು ತಿರುಗಿಸಿಯೇ ನಿಂತಳು.

ಲೆಸ್ಟರ್ ಕಪ್ಪು ಬಟ್ಟೆ ಹಾಸಿ ದೀಪ ಹಚ್ಚಿದ. ಅಂಚು ಹಿಡಿದು ವಾಲಿಸಿದ. ಭೂತಗನ್ನಡಿಯೂ ಬೇಕಾಗಲಿಲ್ಲ. ನಿಂಬೆಸಿಪ್ಪೆಯಂಥ ಬಡ ಹಳದಿ. ಹೆಂಗಸಿನ ಕೆನ್ನೆಯ ಮೇಲೆ, ಸುತ್ತಲಿನ ಬಯಲಿನ ಮೇಲೆ, ಕೂದಲೆಳೆಯಂಥ ಗೆರೆಗಳು ಸುತ್ತುಸುತ್ತಾಗಿ ಹೊರಳಿದ್ದವು. ಟಂಕಸಾಲೆಯ ಹೊಳಪು ಸತ್ತುಹೋಗಿ, ಬರಿಯ ಮಿರುಗು ಉಳಿದಿತ್ತು. ಎಂಟು ಜನ ಬರೆದದ್ದು ಸರಿಯಾಗಿತ್ತು.

"ನೇಡೀನ್, ಬಾ ಕೂತ್ಕೋ. ನಾನು ನಿಮ್ಮಪ್ಪನಿಗೆ ತಪ್ಪು ಹೇಳಿದ್ದೆ ಕಣಮ್ಮ."

"ಏನು ತಪ್ಪು?"

"ಇದನ್ನ ಯಾರೋ ಉಜ್ಜಿದ್ದಾರೆ. ನನ್ನ ಕಣ್ಣಲ್ಲಿ ಪೊರೆ ಇತ್ತು, ಅವತ್ತು ನಂಗೆ ಕಾಣ್ಲಿಲ್ಲ. ಅವನು ನನ್ನ ಮಾತು ನಂಬಿಕೊಂಡು..."

"ಮಾಮ," ಎಂದಳು ನೇಡೀನ್. ಕೈಯಲ್ಲಿದ್ದ ಕಾಫಿಯ ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟಳು. "ಉಜ್ಜಿದ್ದು ನಾನೇ."

ಜನವರಿಯಲ್ಲಿ ಹಿಮ ಬಿದ್ದ ವಾರ ಅದು. ಮೆರ್ವಿನ್ ನಾಣ್ಯ ಕೇಳಿ ತೆಗೆದುಕೊಂಡು, ಮೂಗಿನ ಹತ್ತಿರ ಹಿಡಿದು, "ಮಂಕಾಗಿದೆಯಲ್ಲೇ, ಕಾಣ್ತಾನೇ ಇಲ್ಲ," ಎಂದಿದ್ದ. ಅವನು ನಿದ್ದೆ ಹೋದಾಗ ಅವಳು ಅಡುಗೆ ಸೋಡಾ, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಕಾಲು ಗಂಟೆ ಉಜ್ಜಿದ್ದಳು.

"ನಿನ್ನೆ ಮಾಡಿದ ಹಾಗೆ ಆಯ್ತು. ಎದ್ದ ಮೇಲೆ ಕೈಗೆ ಕೊಟ್ಟೆ. ತುಂಬ ಹೊತ್ತು ನೋಡಿದ. ಬೆರಳಲ್ಲಿ ಸವರಿದ. ಆಮೇಲೆ ನನ್ನ ಕೈ ಹಿಡ್ಕೊಂಡ. 'ಎಷ್ಟು ಹೊಳೀತದೆ ನೋಡು ಪುಟ್ಟಿ' ಅಂದ. ನಂಗೆ ಪುಟ್ಟಿ ಅಂದು ನಲವತ್ತು ವರ್ಷ ಆಗಿತ್ತು." ಅವಳು ನಕ್ಕಳು. ನಗು ಅರ್ಧಕ್ಕೆ ನಿಂತಿತು. "ಯಾಕೆ ಮಾಮ? ಉಜ್ಜಬಾರ್ದಿತ್ತಾ?"

ಲೆಸ್ಟರ್ ಮತ್ತೆ ನಾಣ್ಯದ ಮೇಲೆ ಬಗ್ಗಿದ. ನಕ್ಷತ್ರಗಳ ಸಂದಿಯಲ್ಲಿ ಬಿಳಿಯ ಪುಡಿ ಒಣಗಿ ಕೂತಿತ್ತು. ಸೋಡಾ. ಹಾಗಾದರೆ ಮೂರು ವರ್ಷದ ಹಿಂದಿನ ಮಾತು ಸುಳ್ಳಾಗಿರಲಿಲ್ಲ. ಅವನ ಎದೆಯಿಂದ ಒಂದು ಕಲ್ಲು ಇಳಿದ ಹಾಗಾಯಿತು. ಎದುರಿಗೆ ನಿಂತ ಹೆಂಗಸಿನ ಮುಖ ನೋಡಿ, ಹಾಗಾದದ್ದಕ್ಕೆ ನಾಚಿಕೆಯಾಯಿತು.

ಇಲ್ಲ, ಏನೂ ಆಗಿಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಕ್ಲೇಟನ್ ಹಾಗೇ ಮಾಡಿದ್ದ. ಆದರೆ ಅವನೇನಂತಾನೋ ಅದೇ ಅದು ಎಂದು ಮೆರ್ವಿನ್ ಹೇಳಿಹೋಗಿದ್ದ.

"ಉಜ್ಜಬಾರ್ದಿತ್ತು ಮಗಾ."

ನೇಡೀನ್ ಕುರ್ಚಿ ಎಳೆದು ಕೂತಳು. "ಹಾಳಾಯ್ತಾ?"

"ನಾಣ್ಯ ನೋಡೋರ ಲೆಕ್ಕದಲ್ಲಿ ಹಾಳಾಯ್ತು. ಆ ಬಣ್ಣ ಕೂರೋಕೆ ಇನ್ನೂರು ವರ್ಷ ಬೇಕು. ನಾನೂ ಇರಲ್ಲ, ನೀನೂ ಇರಲ್ಲ."

ಅವಳು ತನ್ನ ಎರಡೂ ಅಂಗೈಗಳನ್ನು ಮೇಜಿನ ಮೇಲಿಟ್ಟುಕೊಂಡು ಅವನ್ನೇ ನೋಡಿದಳು. ದೊಡ್ಡ ಕೈಗಳು, ಬಸ್ಸಿನ ಚಕ್ರ ತಿರುಗಿಸಿ ಗಂಟುಕಟ್ಟಿದ್ದವು. "ಅಪ್ಪಂಗೆ ಗೊತ್ತಾಗಿತ್ತಾ?"

"ಅವನ ಕಣ್ಣು ಹೇಗಿತ್ತು?"

"ಎರಡರಲ್ಲೂ ಪೊರೆ. ಮಾಡಿಸ್ಕೋ ಅಂದ್ರೆ, ನೋಡ್ಬೇಕಾದ್ದೆಲ್ಲ ನೋಡಿ ಆಯ್ತು ಅಂತಿದ್ದ."

ಲೆಸ್ಟರ್ ದೀಪ ಆರಿಸಿದ. ನಾಣ್ಯ ಹಿಡಿದುಕೊಂಡು ಎದ್ದು, ಮಂಚವಿದ್ದ ಜಾಗಕ್ಕೆ ಹೋಗಿ ನಿಂತು, ಕಿಟಕಿಯ ಬೆಳಕಿಗೆ ಹಿಡಿದ. ಹೊಸ ಕಣ್ಣನ್ನು ಮುಚ್ಚಿದ. ಹಳೆಯ ಕಣ್ಣಿನೊಳಗೆ ಹೆಂಗಸಿನ ಕೆನ್ನೆ ನಿಧಾನವಾಗಿ ಜೇನಿನ ಬಣ್ಣಕ್ಕೆ ತಿರುಗಿತು. ಗೆರೆಗಳೆಲ್ಲ ಮಂಜಿನಲ್ಲಿ ಹುದುಗಿದವು. ವಾಲಿಸಿದ, ತಿರುಗಿಸಿದ. ಬೆರಳ ತುದಿಯಿಂದ, ಎಂದೂ ಮಾಡದ ಕೆಲಸ, ನಕ್ಷತ್ರಗಳ ಮೇಲೆ ಮೆಲ್ಲಗೆ ಸವರಿದ. ಪುಡಿ ಬೆರಳಿಗೆ ಹತ್ತಿತು.

"ಇಲ್ಲಿಂದ ನೋಡಿದ್ರೆ ಚೆಲುವೇನೇ," ಎಂದ. ಪುಡಿ ಹತ್ತಿದ ಬೆರಳನ್ನು ಷರಾಯಿಗೆ ಒರೆಸಿಕೊಂಡ. "ಗೊತ್ತಾಗಿತ್ತೋ ಇಲ್ವೋ, ಅವನನ್ನೇ ಕೇಳ್ಬೇಕು. ಹೊಳೀತದೆ ಅಂದ್ನಲ್ಲ? ಮೆರ್ವಿನ್ ಇಲ್ಲದ್ದನ್ನ ಹೇಳೋನಲ್ಲ."

ನೇಡೀನ್ ತೋಳಿನಿಂದ ಮೂಗು ಒರೆಸಿಕೊಂಡಳು. ಲೆಸ್ಟರ್ ಪೆನ್ಸಿಲ್ ತೆಗೆದು, ಲಕೋಟೆಯ ಮೇಲಿದ್ದ ಹಳೆಯ ಸಾಲನ್ನು ಹೊಡೆದುಹಾಕದೆ, ಅದರ ಕೆಳಗೆ ಇನ್ನೊಂದು ಸಾಲು ಬರೆದ. 'ಈ ಜನವರಿ, ಮಗಳು ತೊಳೆದದ್ದು.'

ಅವಳು ಓದಿದಳು. "ಇದನ್ನೂ ಬರೀಬೇಕಾ ಮಾಮ?"

"ಬರೀಬೇಕು. ಮುಂದೆ ನೋಡೋರಿಗೆ ಗೊತ್ತಿರ್ಬೇಕು, ಯಾರು ಅಂತ. ಎಲ್ಲಿ, ಕಾಫಿ ಕೊಡ್ತೀಯೋ, ಆರಿಸಿ ಕೊಲ್ತೀಯೋ?"

ಆ ಸಂಜೆ ಅವನು ಮೊಟ್ಟೆಯ ಕೋಣೆಯಲ್ಲಿ ಎಂದಿಗಿಂತ ಹೆಚ್ಚು ಹೊತ್ತು ಕೂತಿದ್ದ. ಬಿಳಿ ಬಿಳಿಯ ಜೊತೆಗೆ, ಕೆನೆ ಕೆನೆಯ ಜೊತೆಗೆ. ಹದಿನಾಲ್ಕು ಡಬ್ಬಿ, ಒಂದೂ ತಪ್ಪಿಲ್ಲ. ಎದ್ದು ದೀಪ ಆರಿಸುವ ಮೊದಲು ಮತ್ತೆ ಕೂತ. ಕೊನೆಯ ಬಿಳಿ ಡಬ್ಬಿಯ ಮುಚ್ಚಳ ತೆರೆದು, ಮೂಲೆಯ ಒಂದು ಮೊಟ್ಟೆಯನ್ನು ತೆಗೆದು, ಬೆಳಿಗ್ಗೆ ವರ್ನಾಳ ಕೈಗೆ ಸಿಗಲೆಂದು ಅಲ್ಲಿಗೆ ಕೆನೆಬಣ್ಣದ್ದೊಂದನ್ನು ಇಟ್ಟ.

ಬೆಳಿಗ್ಗೆ ಅವನು ಹಾಸಿಗೆಯಲ್ಲೇ ಮಲಗಿ ಕೇಳಿಸಿಕೊಂಡ. ವರ್ನಾ ಅಭ್ಯಾಸದಂತೆ ಡಬ್ಬಿಗಳನ್ನು ಒಂದೊಂದಾಗಿ ತೆರೆಯುತ್ತಿದ್ದಳು. ಮುಚ್ಚಳ ಟಪ್ಪೆಂದು ತೆರೆದು ಟಪ್ಪೆಂದು ಮುಚ್ಚುತ್ತಿತ್ತು. ಹದಿಮೂರನೆಯದು ಮುಚ್ಚಿತು. ಹದಿನಾಲ್ಕನೆಯದು ತೆರೆಯಿತು. ಸ್ವಲ್ಪ ಹೊತ್ತು ಏನೂ ಸದ್ದಿಲ್ಲ. ಆಮೇಲೆ, ಒಂದು ಮೊಟ್ಟೆಯನ್ನು ತೆಗೆದು ಇನ್ನೊಂದನ್ನು ಇಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತಿಗೆ, ಅದೂ ಮೆಲ್ಲಗೆ ಮುಚ್ಚಿಕೊಂಡಿತು.